ಗೆರೆ ತುಂಬಬಾರದ ಕಲ್ಲು

"ನೋಡ್ಕೊಂಡ್ ಹೋಗು ಮಗ, ಬ್ಯಾಡ ಅನ್ನಲ್ಲ. ಮಸಿ ಮಾತ್ರ ತೊಳೀಬ್ಯಾಡ. ಗೆರೆಗೆ ಹಿಟ್ಟಂತೂ ತುಂಬಲೇಬ್ಯಾಡ."

ಹುಣಸೆಮರದ ಕೆಳಗೆ ಮೇಕೆ ಕಾಯುತ್ತಿದ್ದ ಅಕ್ಕಯಮ್ಮ ಇಷ್ಟು ಹೇಳಿದ್ದೇ ತಡ, ಬೈಕಿನ ಮೇಲಿದ್ದ ಜಗನ್ ನಕ್ಕುಬಿಟ್ಟ.

"ಕಲ್ಲಿಗೂ ದೃಷ್ಟಿಬೊಟ್ಟಾ ಅಜ್ಜಿ?"

"ನಗಬ್ಯಾಡ ಕಣ್ಲಾ. ಹಿಂದೆ ದನಕ್ಕೆ ದೊಡ್ಡರೋಗ ಬಂದಾಗ, ಮಂದೆ ಈ ಬಯಲು ದಾಟಬಾರ್ದು ಅಂತ ಮಾಟಗಾರನ್ನ ಕರ್ಸಿ ಕಟ್ಟು ಹಾಕ್ಸಿದ್ರು. ಹಿಟ್ಟು ತುಂಬುದ್ರೆ ಕಟ್ಟು ಎದ್ದೇಳ್ತದೆ. ಎದ್ಮೇಲೆ ದನ ಯಾವ್ದು, ಮನ್ಸ ಯಾವ್ದು ಅಂತ ನೋಡಲ್ಲ ಅದು."

ಜಗನ್‌ಗೆ ಆವತ್ತು ಯಾರ ಬುದ್ಧಿಮಾತೂ ಬೇಕಿರಲಿಲ್ಲ. ಹೊಸೂರಿನ ಫ್ಯಾಕ್ಟರಿ ಕೆಲಸ ಬಿಟ್ಟು, ಬೆಂಗಳೂರಿನವರನ್ನು ಜೂಜುವಾಡಿಯಲ್ಲಿ ವ್ಯಾನು ಹತ್ತಿಸಿಕೊಂಡು ಸುತ್ತಮುತ್ತಲ ಜಾಗ ತೋರಿಸುವ ದಂಧೆಗೆ ಇಳಿದಿದ್ದ. ರಾಯಕೋಟೆ ಬೆಟ್ಟ ತೋರಿಸಿದರೆ 'ನೋಡಿದೀವಿ' ಅಂದರು. ಕೆಲವರಪಲ್ಲಿ ಅಣೆಕಟ್ಟೆಗೆ ಕರೆದೊಯ್ದರೆ 'ಅಷ್ಟೇನಾ?' ಅಂದರು. ಬೆಟ್ಟದ ಮೇಲಿನ ಪಾಂಡವರ ಗುಡಿಗಳಿಗೆ ಹತ್ತಿಸಿದರೆ ಮೊಣಕಾಲು ನೋವು ಅಂತ ಅವನನ್ನೇ ಬೈದರು. ಮನೆ ನಡೆಯುತ್ತಿದ್ದದ್ದು ಹೆಂಡತಿ ಭೂಮಿಕಾಳ ಸಂಬಳದಲ್ಲಿ. "ಈ ಭಾನುವಾರ ಒಂದ್ ನೋಡಿ. ಆಗ್ಲಿಲ್ಲ ಅಂದ್ರೆ ಫ್ಯಾಕ್ಟರಿಗೇ ವಾಪಸ್ ಹೋಗಿ," ಅಂದಿದ್ದಳು ಅವಳು. ಅದು ಬೈಗುಳವಲ್ಲ. ಅವನಿಗೆ ಮಾತ್ರ ಬೈಗುಳಕ್ಕಿಂತ ಹೆಚ್ಚು ಚುಚ್ಚಿತ್ತು.

ಆದ್ದರಿಂದ ಯಾರೂ ನೋಡದ ಜಾಗವೊಂದು ಬೇಕಿತ್ತು. ಶೂಲಗಿರಿಯಾಚೆಯ ಈ ಬಯಲಲ್ಲಿ ಆಳೆತ್ತರದ ಮಂತ್ರಕಲ್ಲು ಸಿಕ್ಕಿತ್ತು. ಆದರೆ ಹರಳೆಣ್ಣೆ, ಮಸಿ ಕಲಸಿ ಮೆತ್ತಿ ಮೆತ್ತಿ ಅದರ ಮೇಲೆ ಏನು ಕೆತ್ತಿದೆಯೋ ತಿಳಿಯುತ್ತಿರಲಿಲ್ಲ. ಅಜ್ಜಿ ಮೇಕೆ ಹೊಡೆದುಕೊಂಡು ಹೋಗುವವರೆಗೆ ಕಾದ. ಶಾಂಪೂ ಪ್ಯಾಕೆಟ್ ಹರಿದು, ಬ್ರಶ್ಶಿನಿಂದ ಗಸಗಸ ಉಜ್ಜಿದ. ಒಳಗಿಂದ ಮನೆಮನೆಯಾಗಿ ಕೊರೆದ ಚೌಕಗಳು, ಓದಲಾಗದ ಅಕ್ಷರಗಳು ಮೇಲೆದ್ದವು. ವೀರಗಲ್ಲುಗಳ ಫೋಟೋ ತೆಗೆಯುವಾಗ ಮಾಡುವಂತೆ ಅಕ್ಕಿಹಿಟ್ಟು ತೆಗೆದು ಒಂದೊಂದೇ ಗೆರೆಗೆ ತುಂಬಿದ. ಕರಿಕಲ್ಲಿನ ಮೇಲೆ ಬಿಳಿ ಗೆರೆಗಳು ಎದ್ದು ಕಂಡವು. ಫೋಟೋ ಚೆನ್ನಾಗಿ ಬಂತು.

ಆಗಲೇ ಆ ವಾಸನೆ ಬಂದದ್ದು. ಗಂಜಲ, ಒದ್ದೆ ಹುಲ್ಲು, ದನದ ಬಿಸಿ ಉಸಿರು. ಸುತ್ತ ಒಂದು ಕರುವೂ ಇರಲಿಲ್ಲ. ಎಲ್ಲೋ ಮರದ ಗಂಟೆ ಲೊಟಲೊಟ ಅಂದಿತು.

ಬೈಕು ಹತ್ತಿದ. ಹುಣಸೆಮರ ದಾಟಿದ. ಎದುರಿಗೆ ಮಂತ್ರಕಲ್ಲು.

ದಾರಿ ತಪ್ಪಿತೆಂದು ತಿರುಗಿಸಿದ. ಬಂಡೆಯ ಪಕ್ಕ ಹೋದ. ಮತ್ತೆ ಅದೇ ಕಲ್ಲು. ಫೋನಿನ ಮ್ಯಾಪು ನೆಟ್ಟಗೆ ಹೋಗು ಅಂದಿತು. ನೆಟ್ಟಗೆ ಹೋದ. ಕಲ್ಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಗನ್ ಫೋನನ್ನು ಬೈದ, ಬೈಕನ್ನು ಒದ್ದ, ಹೆಲ್ಮೆಟ್ಟು ನೆಲಕ್ಕೆ ಬಡಿದ. ನಡೆದೇ ಹೋಗುತ್ತೇನೆಂದು ನಡೆದ. ಓಡಿದ. ಮುಳ್ಳುಕಂಟಿಯಲ್ಲಿ ಪ್ಯಾಂಟು ಹರಿಯಿತು. ಕಣ್ಣೆತ್ತಿದರೆ ಬಿಳಿ ಗೆರೆಗಳು. ಗಂಟೆಯ ಸದ್ದು ಈಗ ಬೆನ್ನಿಗೇ ಇತ್ತು.

ನೀರು ಸುರಿದು ಹಿಟ್ಟು ತೊಳೆದ. ಅಂಗಿ ಬಿಚ್ಚಿ ಉಜ್ಜಿದ. ಗೆರೆಗಳು ಇನ್ನಷ್ಟು ಬೆಳ್ಳಗಾದವು.

ಸಂಜೆಯಾಗುತ್ತಿತ್ತು. ಹುಣಸೆಮರದ ಆಚೆ ಅಕ್ಕಯಮ್ಮ ಬಂದು ನಿಂತಳು. ಈಚೆಗೆ ಹೆಜ್ಜೆ ಇಡಲಿಲ್ಲ.

"ಅಜ್ಜಿ, ಬಂದು ಒರೆಸು! ಕಾಲಿಗೆ ಬೀಳ್ತೀನಿ!"

"ತುಂಬ್ದ ಕೈಗೆ ಅದು ಅಳಿಯಲ್ಲ ಕಣ್ಲಾ. ಬ್ಯಾರೆ ಕೈ ಒರೆಸುದ್ರೆ ನೀನ್ ಆಚೆ ಬತ್ತೀಯ. ಒರೆಸಿದೋರು ಒಳಗೆ ಉಳೀತಾರೆ. ಅಮಾಸೆ ದಿನ ನಾನು ಮಸಿ ಬಳೀಬೇಕು. ಬಳೀದಿದ್ರೆ ಕಟ್ಟು ಊರೊಳಕ್ಕೇ ಬತ್ತದೆ. ಮಸಿ ಬಿತ್ತು ಅಂದ್ರೆ ಒಳಗಿದ್ದೋರು ಮತ್ತೆ ಕಾಣ್ಸಾದಿಲ್ಲ." ಅವಳು ಕಲ್ಲಿನ ಕಡೆ ನೋಡಿದಳು. "ನಮ್ಮಣ್ಣ ಹಂಗೇ ಹೋಗ್ಬುಟ್ಟ. ನೀನು ಮಸಿ ತೊಳ್ದಾಗ ಬಂದಾನೇನೋ ಅಂದ್ಕಂಡೆ. ಬರ್ಲಿಲ್ಲ."

ಅವಳು ಹೋದ ಮೇಲೆ ಜಗನ್ ಭೂಮಿಕಾಳಿಗೆ ಫೋನು ಮಾಡಿದ. ದಾರಿ ತಪ್ಪಿದೆ, ಮ್ಯಾಪಲ್ಲಿ ಜಾಗ ಕಳಿಸ್ತೀನಿ, ಬಂದು ಕರ್ಕೊಂಡ್ ಹೋಗು ಅಂದ. ಅಷ್ಟೇ ಅಂದ.

ಶಿಫ್ಟು ಮುಗಿಸಿ, ಫ್ಯಾಕ್ಟರಿಯ ನೀಲಿ ಕೋಟಿನಲ್ಲೇ ಅವಳು ಸ್ಕೂಟಿಯಲ್ಲಿ ಬಂದಳು. "ನೆಟ್ಟಗೆ ದಾರಿ ಐತಲ್ರೀ! ಏನಾಯ್ತು ನಿಮ್ಗೆ?"

"ಭೂಮಿ, ಆ ಹಿಟ್ಟೊಂದು ಒರೆಸ್ಬಿಡೇ. ಅಜ್ಜಿ ಬೈತಾಳೆ."

ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇದೆಲ್ಲ ಸುಳ್ಳಾದರೆ ಒರೆಸಿದರೇನು ಅಂದುಕೊಂಡ. ನಿಜವಾದರೆ ಏನು ಎಂದು ಯೋಚಿಸಲಿಲ್ಲ ಅಂತ ಆಮೇಲೆ ತನಗೆ ತಾನೇ ಹೇಳಿಕೊಂಡ. ನಂಬುವವರು ನಂಬಲಿ. ಅವಳು ವೇಲಿನ ತುದಿ ಒದ್ದೆ ಮಾಡಿ ಒಂದೇ ಸಲ ಎಳೆದಳು. ಗೆರೆ ಅಳಿಸಿಹೋಯಿತು.

ಅವನು ಮುಂದೆ, ಅವಳು ಹಿಂದೆ ಹೊರಟರು. ಕನ್ನಡಿಯಲ್ಲಿ ಸ್ಕೂಟಿಯ ದೀಪ ಬರುತ್ತಿತ್ತು. ಹುಣಸೆಮರ ಬಂತು. ದಾಟಿದ. ರಸ್ತೆ! ಕನ್ನಡಿ ನೋಡಿದ. ಕತ್ತಲು. ಫೋನು ಬಡಿದುಕೊಂಡಿತು.

"ರೀ, ನಾನು ಮತ್ತೆ ಕಲ್ಲತ್ರನೇ ಬಂದೀನಿ. ಗೆರೆ ಮತ್ತೆ ಬೆಳ್ಳಗಾಗೈತೆ. ದನ ಇದ್ದಂಗೈತೆ ಇಲ್ಲಿ. ಬೇಗ ಬನ್ನಿ."

ಹೋದ. ಬೈಕಿನ ಹಿಂದೆ ಕೂರಿಸಿಕೊಂಡ, ಕೈ ಹಿಡಿದು ನಡೆಸಿದ, ಹೆಗಲ ಮೇಲೆ ಹೊತ್ತ. ಪ್ರತಿಸಲವೂ ಹುಣಸೆಮರ ದಾಟಿದಾಗ ಅವನ ಕೈ ಖಾಲಿ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಅಕ್ಕಯಮ್ಮ ಮರದ ಆಚೆಯಿಂದ ಮುದ್ದೆಯ ಬುತ್ತಿ ಚಾಚುತ್ತಿದ್ದಳು. ಇಬ್ಬರು ಹೆಂಗಸರೂ ಬಹಳ ಹೊತ್ತು ಮಾತಾಡುತ್ತಿದ್ದರು. ಅವನು ಬಂದರೆ ಸುಮ್ಮನಾಗುತ್ತಿದ್ದರು.

ಭಾನುವಾರವೇ ಅಮಾವಾಸ್ಯೆ. ವ್ಯಾನು ಬಂತು. ಜನ ಹುಣಸೆಮರದ ನೆರಳಲ್ಲಿ ಇಳಿದು ಚಿತ್ರಾನ್ನದ ಪೊಟ್ಟಣ ಬಿಚ್ಚಿದರು. ಜಗನ್ ಒದ್ದೆ ಬಟ್ಟೆ ಹಿಡಿದು ಮುಂದೆ ನಡೆದ. ಯಾರಾದರೊಬ್ಬರು ಒರೆಸಿದರೆ ಸಾಕು. ಯಾರಾದರೂ ಸರಿ.

ಭೂಮಿಕಾ ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವನ ಕೈಯಲ್ಲಿದ್ದ ಬಟ್ಟೆ ನೋಡಿದಳು. ಮರದ ಕಡೆ ನೋಡಿದಳು.

"ಅವ್ರಿಗೂ ಹೇಳಿಲ್ಲ ಅಲ್ವಾ?"

ಜಗನ್ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದ.

"ಆವತ್ತು ನಿಮ್ಗೆ ಗೊತ್ತಿತ್ತು."

"ಭೂಮಿ, ನಿನ್ನ ಬಿಡ್ಸೋಕೇ ಕಣೇ..."

"ಇನ್ನೊಬ್ರ ಮನೆಯೋರನ್ನ ಇಲ್ಲಿ ಕಟ್ಟಿ ನಾನು ನಿಮ್ ಜೊತೆ ಬಂದು ಏನ್ ಮಾಡ್ಲಿ?" ಅವಳು ಪಕ್ಕಕ್ಕೆ ಸರಿದಳು. "ಅಜ್ಜಿ, ಬಳೀರಿ."

ಕಲ್ಲಿನ ಹಿಂದೆ ಅಕ್ಕಯಮ್ಮ ಅಳುತ್ತ ನಿಂತಿದ್ದಳು. ಕೈಯಲ್ಲಿ ಮಸಿಯ ಮಡಕೆ. ಜಗನ್ ನುಗ್ಗಿದ. ಮುದುಕಿಯ ಅಂಗೈ ಕಲ್ಲಿನ ಮೇಲೆ ಬಿತ್ತು. ಹರಳೆಣ್ಣೆಯ ವಾಸನೆ. ಗಂಟೆ ನಿಂತಿತು. ಗಂಜಲದ ವಾಸನೆ ಹೋಯಿತು. ಕೀಲಿ ಸಮೇತ ಸ್ಕೂಟಿ ನಿಂತಿತ್ತು. ಅವಳಿರಲಿಲ್ಲ.

ಜನ ಕೈ ತೊಳೆದುಕೊಂಡು ಬಂದರು. ಮುಂದಿದ್ದ ಸುಗುಣಾ ಎಂಬ ಹೆಂಗಸು ಕ್ಯಾಮೆರಾ ಎತ್ತಿ ಮುಖ ಸಿಂಡರಿಸಿದಳು. "ಬರೀ ಮಸಿ! ಆ ಬಟ್ಟೆ ಕೊಡಿ, ಒರೆಸಿ ನೋಡೋಣ."

ಜಗನ್ ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಕಲ್ಲಿಗೆ ಅಡ್ಡ ನಿಂತ.

"ನೋಡ್ಕೊಂಡ್ ಹೋಗಿ, ಬೇಡ ಅನ್ನಲ್ಲ. ಮಸಿ ಮಾತ್ರ ತೊಳೀಬೇಡಿ," ಅಂದ.

ಅವರೆಲ್ಲ ನಕ್ಕರು.