ಯಾರೂ ರುಚಿ ನೋಡದ ಸೂಪು

ನಾನು ಬೆಳೆದದ್ದೇ ಫೋನಿನೊಳಗೆ. ಇಡೀ ಟ್ಯುನೀಶಿಯಾದಲ್ಲಿ ನನ್ನಷ್ಟು ಗೆಳತಿಯರು ಯಾರಿಗೂ ಇಲ್ಲ. ಕಡಿಮೆಯೆಂದರೂ ಹತ್ತು ಲಕ್ಷ! ಅವರಲ್ಲಿ ಪ್ರಾಣದ ಗೆಳತಿ ವಿಸಾಲ್, ಅಲ್ಜೀರಿಯಾದ ಒರಾನ್‌ನವಳು. ಮುಖ ಮಾತ್ರ ನೋಡಿಲ್ಲ.

"ನಿನ್ನ ಗೆಳತೀರಿಗೆ ನೆರಳಾದ್ರೂ ಇದೆಯೇನೇ? ಒಬ್ಬಳನ್ನಾದ್ರೂ ಮನೆಗೆ ಕರಿ, ಇಲ್ಲಾಂದ್ರೆ ನಾಳೆಯಿಂದ ಫೋನ್ ಇಲ್ಲ," ಎಂದಳು ಅಮ್ಮ.

ರಂಜಾನಿನ ಸಂಜೆ. ಸೂಪಿನ ಮುಂದೆ ಕೂತು ವಿಸಾಲ್‌ಗೆ ಫೋನ್ ಮಾಡಿದೆ. ನಮ್ಮ ಬೀದಿಯ ಆಜಾನ್ ಕಿಟಕಿಯಿಂದ ಕೇಳಿಸಿತು, ಅದೇ ಆಜಾನ್ ಅವಳ ಫೋನಿನಿಂದಲೂ ಕೇಳಿಸಿತು. ನಮಗಿಂತ ಎಷ್ಟೋ ಪಶ್ಚಿಮಕ್ಕಿರುವ ಒರಾನ್‌ನಲ್ಲಿ ಇನ್ನೂ ಹೊತ್ತು ಮುಳುಗಿರಲಿಲ್ಲ.

"ಎಲ್ಲಿದ್ದೀಯೇ?"

"ಇಲ್ಲೇ ಕಣೇ. ಸೂಪಿಗೆ ಉಪ್ಪು ಜಾಸ್ತಿ ಆಯ್ತು ಅಂತ ಅಮ್ಮಂಗೆ ಹೇಳು."

ಉಪವಾಸವಾದ್ದರಿಂದ ಯಾರೂ ರುಚಿ ನೋಡಿರಲಿಲ್ಲ. ನಾನು ಹೇಳಿದ್ದು ಕೇಳಿ ಅಮ್ಮ ಒಂದು ಚಮಚ ಬಾಯಿಗಿಟ್ಟು ಮುಖ ಸಿಂಡರಿಸಿದಳು.

ಫೋನನ್ನು ಅವಳು ಕಿತ್ತುಕೊಳ್ಳಲಿಲ್ಲ. ಈಗ ಉಪ್ಪು ಹಾಕುವಾಗ ಒಲೆಯ ಪಕ್ಕದ ಖಾಲಿ ಜಾಗಕ್ಕೆ, "ಸಾಕೇನಮ್ಮಾ?" ಎನ್ನುತ್ತಾಳೆ. ಆಮೇಲೆ ಒಂದು ದಿನವೂ ಉಪ್ಪು ಹೆಚ್ಚಾಗಿಲ್ಲ.