ಕಡಲ ಪೆಟ್ಟಿಗೆಯ ಹಸಿರು ಕೂದಲು

ಕೊನೆಯ ಹವಳ ಸತ್ತಿತ್ತು.

ರಾಧಿಕಾ ಹಾಲಿನ ಪಾತ್ರೆ ಹಿಡಿದುಕೊಂಡೇ ಮೀನಿನ ತೊಟ್ಟಿಯ ಗಾಜಿನ ಮುಂದೆ ನಿಂತಳು. ನಿನ್ನೆ ಸಂಜೆ ನೋಡಿದಾಗ ಅದು ಬದುಕಿತ್ತು. ಮುಷ್ಟಿ ಗಾತ್ರದ್ದು, ಬೆರಳಿನಂಥ ಹಳದಿ ತುದಿಗಳನ್ನು ಚಾಚಿ ನೀರಿನಲ್ಲಿ ಏನನ್ನೋ ತಡಕಾಡುತ್ತಿತ್ತು. ಈಗ ಬರೀ ಬಿಳಿ ಎಲುಬು. ಎಲುಬಿನ ಸುತ್ತ ಪಾಚಿ. ಹಸಿರು, ನವಿರು, ಗೇಣುದ್ದದ ಎಳೆಗಳು. ಪಂಪಿನ ಸೆಳೆತಕ್ಕೆ ಒಂದೇ ಕಡೆ ಒರಗಿ, ಮತ್ತೆ ಏಳುತ್ತಿದ್ದವು — ಯಾರೋ ಈಗಷ್ಟೇ ಬಾಚಿ ಬಿಟ್ಟ ಕೂದಲಿನಂತೆ.

ಸೋಮವಾರವಷ್ಟೇ ತೊಟ್ಟಿ ನೋಡಿಕೊಳ್ಳುವ ಹುಡುಗ ಸಿದ್ದಾರ್ಥ ಬಂದು ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲುಗಳನ್ನೆಲ್ಲ ತಿಕ್ಕಿ ಹೋಗಿದ್ದ. ವಾರ ತುಂಬಿರಲಿಲ್ಲ. ಎಲ್ಲವೂ ಮರಳಿ ಬಂದಿತ್ತು.

ಗೋಡೆಯ ಫೋಟೋದಲ್ಲಿ ಬಸವೇಶ್ವರಿ ನಗುತ್ತಿದ್ದಳು. ರಾಧಿಕಾಳ ಗಂಡ ರಾಜಕುಮಾರನ ಮೊದಲ ಹೆಂಡತಿ. ಕಾರವಾರದಲ್ಲಿ ಬೆಳೆದವಳು. ಇಳಕಲ್ಲಿಗೆ, ಈ ಗ್ರಾನೈಟ್ ವ್ಯಾಪಾರಿಯ ಮನೆಗೆ ಬಂದ ಮೇಲೆ ಕಡಲಿಲ್ಲದೆ ಉಸಿರು ಕಟ್ಟುತ್ತದೆಂದು ಹಟ ಹಿಡಿದು, ಕೆಂಪು ಕಲ್ಲಿನ ಕಟ್ಟೆಯ ಮೇಲೆ ಈ ಉಪ್ಪುನೀರಿನ ಪೆಟ್ಟಿಗೆ ಇರಿಸಿಕೊಂಡಳಂತೆ. ಜ್ವರ ಬಂದು ತೀರಿಹೋಗಿ ಎರಡು ವರ್ಷ. ಫೋಟೋದಲ್ಲಿ ಅವಳ ಕೂದಲು ಹೆಗಲಿನಿಂದ ಇಳಿದು ಚೌಕಟ್ಟಿನಲ್ಲಿ ಹಿಡಿಸದೆ ಹೋಗಿತ್ತು.

"ಹೋತೇನು, ಅದೂ?"

ಹಿಂದೆ ಅತ್ತೆ ಗುರುಲಿಂಗವ್ವ ನಿಂತಿದ್ದಳು.

"ಹೋತ್ರಿ ಅತ್ತಿ."

"ಅಕಿ ಇದ್ದಾಗ ಒಂದ ಎಳಿ ಹಾವಸಿ-ಪಾಚಿ ಇರಲಿಲ್ಲ ಇದ್ರಾಗ." ಗುರುಲಿಂಗವ್ವ ಗಾಜಿನ ಹತ್ತಿರ ಬರಲಿಲ್ಲ. ಯಾವತ್ತೂ ಬರುತ್ತಿರಲಿಲ್ಲ. "ಹಿಂಗ ಇದ್ವು ಅಕಿ ಕೂದಲಾ. ತಲಿಗೆ ನೀರು ಹಾಕ್ಕೊಂಡ ದಿನ ಒಣಗಾಕ ಸಂಜಿ ಆಗ್ತಿತ್ತು."

ಪೂಜೆಯ ಕೋಣೆಯಿಂದ ರಾಜಕುಮಾರ ಹೊರಗೆ ಬಂದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಹೆಂಡತಿಯತ್ತ ನೋಡಲಿಲ್ಲ. ನೀರು ನೋಡಿದ. ಬಹಳ ಹೊತ್ತು ನೋಡಿದ.

"ಏನ್ ಹಾಕಿದಿ ಇದ್ರಾಗ?"

"ನಾ ಏನ್ ಹಾಕ್ಲಿರಿ?"

"ನೀ ಬಂದ ಮ್ಯಾಲೇನ ಸುರು ಆಗೇತಿ ಇದು."

ಅದು ಸುಳ್ಳಾಗಿರಲಿಲ್ಲ. ಅವಳು ಈ ಮನೆಯ ಹೊಸ್ತಿಲು ತುಳಿದ ವಾರವೇ ಕಲ್ಲಿನ ಸಂದಿಯಲ್ಲಿ ಮೊದಲ ಎಳೆ ಕಾಣಿಸಿತ್ತು.

"ಪಂಚಮಿಗೆ ತವರಿಗೆ ಹೋಗು," ಎಂದ ರಾಜಕುಮಾರ. "ನಿಮ್ಮ ಚಿಗವ್ವಗ ಫೋನ್ ಮಾಡೇನಿ. ಇವತ್ತ ಬರ್ತಾಳ ಕರ್ಕೊಂಡು ಹೋಗಾಕ."

"ಕರಿಯಾಕ ಯಾವಾಗ ಬರ್ತೀರಿ?"

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ಹುನಗುಂದದಲ್ಲಿ, ರಾಧಿಕಾಳ ತವರಿನ ಓಣಿಯಲ್ಲಿ ಒಬ್ಬಳಿದ್ದಾಳೆ. ಪಂಚಮಿಗೆಂದು ಗಂಡನ ಮನೆಯಿಂದ ಬಂದವಳು. ಆಮೇಲೆ ಎಷ್ಟೋ ಪಂಚಮಿಗಳು ಹೋದವು, ಕರೆಯಲು ಯಾರೂ ಬರಲಿಲ್ಲ. ಯಾರೂ ಅವಳನ್ನು ಗಂಡ ಬಿಟ್ಟವಳು ಎನ್ನುವುದಿಲ್ಲ. ಹಬ್ಬಕ್ಕೆ ಬಂದಾಳ, ಅನ್ನುತ್ತಾರೆ. ಅಷ್ಟೇ.

*

ಶಾರವ್ವ ಮಧ್ಯಾಹ್ನದ ಬಸ್ಸಿಗೆ ಬಂದಳು. ರಾಧಿಕಾಳ ತಾಯಿಯ ತಂಗಿ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಸೀರೆಯ ಅಂಚಿನ ಕೆಳಗೆ ಈಗಲೂ ಇಲಾಖೆಯ ಕಂದು ಬೂಟು. ಚೀಲ ಇಳಿಸಿ, ನೀರು ಕುಡಿದು, ಗಾಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

"ಇದರ ಸಲುವಾಗಿ ಹುಡುಗಿನ್ನ ಮನಿ ಬಿಡಸ್ತಾರ? ಇದ್ರಾಗ ಇರೂದು ಎರಡ ಮೀನು."

"ನಗಬ್ಯಾಡ್ರಿ ಚಿಗವ್ವ." ರಾಧಿಕಾಳ ಧ್ವನಿ ಇಳಿಯಿತು. "ಬೆಳಕು ಹರಿಯೂ ಮೊದಲ ಸಪ್ಪಳ ಕೇಳಸ್ತೈತಿ. ನೀರಾಗ ಯಾರೋ ಕೈ ಅದ್ದಿದಂಗ. ಎದ್ದು ಬಂದ್ರ ಯಾರೂ ಇರಂಗಿಲ್ಲ. ಅವರು ಪೂಜಿ ಕೋಣ್ಯಾಗ ಇರ್ತಾರ, ಅತ್ತಿ ಹಿತ್ತಲದಾಗ. ಈ ನೆಲ ಅಷ್ಟ ಹಸಿ."

"ಅಂಜಿದಿ?"

"ಕೂದಲಾ ನೋಡ್ರಿ."

ಶಾರವ್ವ ನೋಡಿದಳು. ಎಳೆಗಳು ಒರಗಿದವು. ಎದ್ದವು. ಒಂದು ಕ್ಷಣ ಅವಳ ಕೈಯೂ ತನ್ನ ತುರುಬಿಗೆ ಹೋಯಿತು.

"ಕೂದಲಾ ಆಗಿದ್ರ ಉಣ್ಣದ ಬೆಳಿತಿತ್ತು," ಎಂದಳು ಕೊನೆಗೆ. "ಇದು ಉಣ್ಣತೈತಿ. ಯಾರೋ ಉಣಸಾಕತ್ತಾರ. ಇದನ್ನ ತಿಕ್ಕಾಂವ ಎಲ್ಲಿ?"

ಸಿದ್ದಾರ್ಥ ಬಾಗಲಕೋಟೆಯಿಂದ ಆಗಲೇ ಹೊರಟಿದ್ದ. ಹವಳ ಸತ್ತ ಸುದ್ದಿಗೆ ಮುಖ ಸಣ್ಣದು ಮಾಡಿಕೊಂಡು ಬಂದ. ಸಣ್ಣ ಗಾಜಿನ ನಳಿಕೆಯಲ್ಲಿ ಟ್ಯಾಂಕಿನ ನೀರು ತುಂಬಿ, ಎರಡು ಹನಿ ಔಷಧಿ ಬಿಟ್ಟು ಅಲುಗಾಡಿಸಿದ. ನೀರು ನೀಲಿಯಾಯಿತು. ಮತ್ತೂ ನೀಲಿಯಾಯಿತು.

"ನೋಡ್ರಿ ಮೇಡಂ."

"ಮೇಡಂ ಅನಬ್ಯಾಡ, ಜೀಪ್ ನೆನಪಾಗತೈತಿ. ಏನದು?"

"ಫಾಸ್ಫೇಟ್ರಿ. ಪಾಚಿ ಊಟ ಇದು. ನೀಲಿ ಗಟ್ಟಿ ಆದಷ್ಟು ಊಟ ಹೆಚ್ಚು. ಪ್ರತಿ ಸಲ ನೀರು ಬದಲಿ ಮಾಡಿ ಹೋಗ್ತೇನಿ, ಪ್ರತಿ ಸಲ ಬಂದಾಗ ಇಷ್ಟ ನೀಲಿ."

"ಪಾಚಿ ಬೆಳದಷ್ಟು ನಿನಗ ಕೆಲಸ. ಹೌದಿಲ್ಲೋ?"

ಸಿದ್ದಾರ್ಥ ನಕ್ಕ. "ಹವಳೆಲ್ಲ ಸತ್ರ ಟ್ಯಾಂಕ್ ಮುಚ್ಚತಾರ್ರಿ. ಉಪ್ಪುನೀರಿನ ಟ್ಯಾಂಕ್ ನನ್ನ ಕೈಯಾಗ ಇರೂದು ಇದೊಂದ. ಆಮ್ಯಾಲೆ ನಾ ಯಾರ ಮನಿ ಪಾಚಿ ತಿಕ್ಕಲಿ?"

"ಏನೇನ್ ಮಾಡಿ ನೋಡಿದಿ?"

"ನಳದ ನೀರು ಬಿಟ್ಟು ಫಿಲ್ಟರ್ ನೀರಿಗೆ ಉಪ್ಪು ಕಲಸಿದ್ವಿ. ಮೀನಿನ ಕಾಳು ಅರ್ಧ ಮಾಡಿದ್ವಿ. ಪಾಚಿ ತಿನ್ನೂ ಬಸವನಹುಳ ಬಿಟ್ಟೆ, ತಿಂದು ತಿಂದು ಅವ ಸತ್ವು. ಕರಿ ಅರಿವಿ ಹೊಚ್ಚಿ ಕತ್ತಲಾಗ ಇಟ್ವಿ. ಸತ್ತಂಗ ಬಿದ್ದಿತ್ತು. ಅರಿವಿ ತಗದ ಮ್ಯಾಲೆ ಮತ್ತ ಎದ್ದು ಬಂತು. ಎಡಗಡೆ ಮೂಲಿ ಕಲ್ಲೊಂದು ಬಿಟ್ಟು ಎಲ್ಲಾ ಕಲ್ಲು ತಿಕ್ಕೇನ್ರಿ, ನನ್ನ ಉಗುರಾಗ ಇನ್ನೂ ಹಸರ ಐತಿ."

"ಅದೊಂದು ಯಾಕ ಬಿಟ್ಟಿ?"

"ಅದರ ಅಂಚು ಸ್ವಚ್ಛ ಇರತೈತಿ. ತಿಕ್ಕಾಕ ಏನಿಲ್ಲ."

ಶಾರವ್ವ ತಲೆ ಆಡಿಸಿದಳು. "ಈ ಫಾಸ್ಫೇಟ್ ಮತ್ತ ಎದ್ರಾಗ ಇರತೈತಿ?"

"ಗೊಬ್ಬರದಾಗ. ಎಲುಬಿನ ಪುಡ್ಯಾಗ. ಬೂದ್ಯಾಗ."

ರಾಧಿಕಾ ಹೇಳಿದಳು, "ನಮ್ಮ ಮನ್ಯಾಗ ಬೂದಿ ಎಲ್ಲಿಂದ್ರಿ? ಗ್ಯಾಸಿನ ಒಲಿ."

ಶಾರವ್ವ ಕುರ್ಚಿ ಹಿಂದೆ ಸರಿಸಿದಳು. ಎದ್ದು ಒಳಗೆ ನಡೆದಳು.

*

"ಅಕ್ಕಾರ, ಹಣಿ ಬೋಳ ಐತಿ. ಒಂದೀಟು ವಿಭೂತಿ ಕೊಡ್ರಿ."

ಪೂಜೆಯ ಕೋಣೆಯ ಗೂಡಿನಲ್ಲಿ ಎರಡು ವಿಭೂತಿ ಗಟ್ಟಿಗಳಿದ್ದವು. ಒಂದು ದಪ್ಪ, ಇನ್ನೊಂದು ಸವೆದು ಬಿಲ್ಲೆಯಾದದ್ದು. ಗುರುಲಿಂಗವ್ವ ದಪ್ಪನೆಯದನ್ನು ಮುಂದೆ ಸರಿಸಿದಳು.

"ಇದು ನಂದು. ಅದು ಮಗಂದು. ಎರಡೂ ಒಂದ ದಿನ ತಂದಿದ್ದು, ಆಕಳ ಸಗಣಿ ಸುಟ್ಟು ಮಾಡಿದ್ದು, ಪ್ಯಾಟಿ ಸುಣ್ಣದ್ದಲ್ಲ. ಅವಂದು ಆಗಲೇ ತೀರಾಕ ಬಂತು. ಹಿಂದ ಪೂಜಿಗೆ ಕುಂದರಂದ್ರ ಓಡಾಂವ, ಈಗ ಕತ್ತಲಾಗ ಏಳತಾನ."

ಶಾರವ್ವ ಎರಡನ್ನೂ ಮುಟ್ಟಿದಳು. ಹಣೆಗೆ ಹಚ್ಚಿಕೊಂಡಳು. ಬಿಲ್ಲೆಯ ಮೇಲೆ ಬೆರಳು ಇನ್ನೊಮ್ಮೆ ಉಜ್ಜಿ, ಪ್ರಸಾದವೆಂಬಂತೆ ನಾಲಿಗೆಗೆ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತ ರಾಧಿಕಾಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

"ಪೂಜಿ ನೀರು ಏನ್ ಮಾಡ್ತೀರಿ?"

"ಏನ್ ಮಾಡೂದು? ಪಾದೋದಕ. ಕುಡಿತೇನಿ." ಗುರುಲಿಂಗವ್ವನ ಕಣ್ಣು ಚೂಪಾಯಿತು. "ಆ ಗಾಜಿನ ಡಬ್ಬ್ಯಾಗ ಚೆಲ್ಲತೇನಿ ಅಂತ ತಿಳದೇನು? ಪಾದೋದಕ ಚೆಲ್ಲಾಕ ನನಗೇನು ಹುಚ್ಚ?"

"ಹಂಗ ತಿಳದಿದ್ರ ಹಂಗ ಕೇಳತಿದ್ದೆ. ದೊಡ್ಡ ಸೊಸಿ ಮಣ್ಣಿಗೆ ನಾ ಬಂದಿರಲಿಲ್ಲ. ಎಲ್ಲಾ ಸರಿ ಆತಿಲ್ರಿ?"

ಗುರುಲಿಂಗವ್ವ ಗೂಡಿನ ಅಂಚು ಹಿಡಿದುಕೊಂಡಳು.

"ಇಲ್ಲ," ಎಂದಳು. "ಲಿಂಗ ಸಿಗಲಿಲ್ಲ."

ರಾಧಿಕಾ ತನ್ನ ಎದೆಯ ಮೇಲಿನ ಇಷ್ಟಲಿಂಗ ಮುಟ್ಟಿಕೊಂಡಳು. ಹುಟ್ಟಿದಾಗ ಕಟ್ಟಿದ ಲಿಂಗ ಎದೆಯ ಮೇಲೇ ಇದ್ದು, ಕೊನೆಗೆ ಎಡಗೈಯಲ್ಲಿ ಕೂತು ಮಣ್ಣಿಗೆ ಹೋಗಬೇಕು. ಅದು ತಪ್ಪಿದ ಮನೆಯ ಬಗ್ಗೆ ಅವಳು ಕೇಳಿರಲಿಲ್ಲ.

"ದವಾಖಾನ್ಯಾಗ ಇದ್ದಾಗ ಬಿಚ್ಚಿ ನಮ್ಮ ರಾಜೂನ ಕೈಗೆ ಕೊಟ್ಟಿದ್ರು. ಗಡಿಬಿಡ್ಯಾಗ ಎಲ್ಲೋ ಬಿತ್ತು ಅಂದ. ಮಠದ ಅಯ್ಯಾರು ಹೊಸಾದು ತಂದು ಕೈಯಾಗಿಟ್ರು. ಹೊಸಾದಕ್ಕ ಅಕಿ ಗುರ್ತು ಇತ್ತೇನವಾ?" ಗುರುಲಿಂಗವ್ವ ಹಾಲ್‌ನ ಕಡೆ ಗದ್ದ ತೋರಿಸಿದಳು. "ಅದಕ್ಕ ಅಕಿ ಮಣ್ಣಾಗ ನಿಂದ್ರವಲ್ಲಳು. ಯಾರಿಗೂ ಹೇಳಿಲ್ಲ ನಾ. ಈ ಹುಡುಗಿ ಅಂಜೀತು ಅಂತ."

*

ಸಂಜೆ ರಾಜಕುಮಾರ ಬಂದಾಗ ಎಲ್ಲರೂ ಹಾಲ್‌ನಲ್ಲಿದ್ದರು. ರಾಧಿಕಾಳ ಚೀಲ ಬಾಗಿಲ ಬಳಿ ಇತ್ತು.

"ಇನ್ನೂ ಹೋಗಿಲ್ಲ?"

"ಹೋಗೂದು ಯಾರು ಅಂತ ಗೊತ್ತಾಗಲಿ, ಕುಂದರ್ರಿ ಅಳಿಯಂದ್ರ," ಎಂದಳು ಶಾರವ್ವ. "ಸಿದ್ದಾರ್ಥ, ಪಂಪ್ ಬಂದ್ ಮಾಡು."

ಗುಂಯ್ ಎನ್ನುವ ಸದ್ದು ನಿಂತಿತು. ಆ ಸದ್ದು ಇತ್ತೆಂದು ನಿಂತ ಮೇಲೆಯೇ ಗೊತ್ತಾಯಿತು. ನೀರು ಗಟ್ಟಿಯಾದಂತೆ ಕಂಡಿತು. ಎಳೆಗಳು ಒಂದೊಂದಾಗಿ ಇಳಿದು, ಕಲ್ಲುಗಳ ಮೇಲೆ ಮಲಗಿದವು. ರಾಜಕುಮಾರ ಕುರ್ಚಿಯ ತುದಿಗೆ ಬಂದ.

"ಎಲ್ಲಾರೂ ನೀರಾಗ ಏನು ಬಂತು ಅಂತ ಹುಡುಕಿದ್ರಿ," ಶಾರವ್ವ ಹೇಳಿದಳು. "ನೀರಿನಿಂದ ಏನು ಹೊರಗ ಹೋತು ಅಂತ ಒಬ್ಬರೂ ನೋಡಲಿಲ್ಲ. ಒಳಗ ಗೂಡಿನ್ಯಾಗ ಎರಡು ವಿಭೂತಿ ಗಟ್ಟಿ ಅದಾವ. ಒಂದ ಗೂಡು, ಒಂದ ಗಾಳಿ. ಅಕ್ಕಾರದು ಖಣಖಣ ಒಣಗೇತಿ. ಇನ್ನೊಂದು ಬೆವತೈತಿ. ಶ್ರಾವಣದ ಮೋಡಕ್ಕ ಎರಡೂ ಬೆವರಬೇಕಿತ್ತು, ಒಂದ ಯಾಕ? ನಾಲಿಗಿಗೆ ಹಚ್ಚಿ ನೋಡಿದೆ. ಉಪ್ಪು."

ಶಾರವ್ವ ತನ್ನ ಬೆರಳು ಮುಂದೆ ಹಿಡಿದಳು.

"ಉಪ್ಪು ಗಾಳ್ಯಾಗಿನ ನೀರು ಎಳೀತೈತಿ. ವಿಭೂತಿಗೆ ಉಪ್ಪು ಎಲ್ಲಿಂದ ಬಂತು? ಸಮುದ್ರದ ನೀರಾಗ ಅದ್ದಿದ ಬೆರಳಿಂದ. ಒಂದು ದಿನದ್ದಲ್ಲ, ದಿನಾ. ಕೈ ಈ ನೀರಿಂದ ವಿಭೂತಿಗೆ ಹೋಗಾಕತ್ತಿತ್ತು, ವಿಭೂತಿಯಿಂದ ಈ ನೀರಿಗೆ ಬರಾಕತ್ತಿತ್ತು. ಸಗಣಿ ಬೂದಿ. ಸಿದ್ದಾರ್ಥ ಹೇಳಿದ ಊಟ."

"ಅತ್ತ್ಯಾರ—" ಎಂದ ರಾಜಕುಮಾರ.

"ಮುಗಿಸ್ತೇನಿ. ನೀರಾಗಿರೂ ಏನಕ್ಕ ದಿನಾ ವಿಭೂತಿ ಏರಸ್ತಾರ? ಮೀನಿಗಲ್ಲ. ಇಷ್ಟು ಪಾಚ್ಯಾಗ ಒಂದ ಕಲ್ಲಿನ ಅಂಚು ಯಾಕ ಸ್ವಚ್ಛ? ದಿನಾ ಯಾರೋ ಅಲ್ಲಿ ಹಿಡದು ಎತ್ತತಾರ. ಎತ್ತು ಸಿದ್ದಾರ್ಥ."

ಸಿದ್ದಾರ್ಥ ಅಂಗಿಯ ತೋಳು ಮಡಿಸಿ ಎಡಮೂಲೆಗೆ ಕೈ ಇಳಿಸಿದ. ಹಸಿರು ಎಳೆಗಳು ಮೊಣಕೈಗೆ ಸುತ್ತಿಕೊಂಡವು. ಕಲ್ಲು ಸರಿಯಿತು. ಕೆಳಗಿನ ಗುಳಿಯಲ್ಲಿ ಕಪ್ಪಗೆ, ನೆಲ್ಲಿಕಾಯಿಯಷ್ಟು, ನುಣುಪಾದ ಲಿಂಗವಿತ್ತು. ಸುತ್ತ ಬೂದಿಯ ಬಿಳಿ ಕೆಸರು. ಅವನು ಮುಟ್ಟಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡ.

ಗುರುಲಿಂಗವ್ವ ಮೊದಲ ಸಲ ಗಾಜಿನ ಹತ್ತಿರ ಬಂದಳು.

"ಬಿದ್ದಿರಲಿಲ್ಲ ಅದು," ಎಂದಳು ಶಾರವ್ವ ಮೆಲ್ಲಗೆ. "ಅವತ್ತಿಂದ ನಿಮ್ಮ ಕಡೇನ ಇತ್ತು. ಪಾಚಿ ಬೆಳಸಿದಾವ್ರು ನೀವ, ಅಳಿಯಂದ್ರ."

ರಾಜಕುಮಾರ ಅಂಗಿಯ ತೋಳು ಮಡಿಸಿದ. ಅವಸರವಿರಲಿಲ್ಲ. ನೀರಿನಲ್ಲಿ ಕೈಯಿಟ್ಟು ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡ. ಕೈಗೆ ದಾರಿ ಗೊತ್ತಿತ್ತು. ಅವನು ನೋಡಲೂ ಇಲ್ಲ.

"ಕೊಡಾಕ ಆಗಲಿಲ್ಲ," ಎಂದ. "ಅದೂ ಹೋದ್ರ ಅಕಿದು ಅನ್ನೂದು ಏನೂ ಉಳೀತಿರಲಿಲ್ಲ. ಟಿಜೋರ್‍ಯಾಗ ಇಟ್ಟಿದ್ದೆ. ರಾಧಿಕಾ ಬರ್ತಾಳಂದ ಮ್ಯಾಲೆ ಅದರ ಕೀಲಿ ಇಕಿಗೆ ಕೊಡಬೇಕಾತು. ಅದಕ್ಕ ಇಲ್ಲಿ ಇಟ್ಟೆ. ಅಕಿ ಕಡಲಾಗ." ಹೆಬ್ಬೆರಳಿನಿಂದ ಲಿಂಗದ ಕೆಸರು ಒರೆಸಿದ. "ಇಟ್ಟು ವಾರ ಆಗಿರಲಿಲ್ಲ. ಕೂದಲಾ ಬಂದ್ವು."

"ಪಾಚಿ ಅಂತ ತಿಳೀಲಿಲ್ಲ?"

"ಬಂದಾಳ ಅನಿಸ್ತು. ದಿನಾ ಮುಂಜಾನೆ ಇನ್ನೀಟು ಉದ್ದ ಆಗಿರ್ತಿದ್ವು. ಆಮ್ಯಾಲೆ ಅಕಿ ಹವಳಾನ ಸಾಯಾಕ ಸುರು ಆದ್ವು. ಸಿಟ್ಟಾಗ್ಯಾಳ ಅಂತ ಅಂಜಿಕಿ ಆತು. ನನ್ನ ಮ್ಯಾಲಲ್ಲ, ರಾಧಿಕಾನ ಮ್ಯಾಲೆ ಅಂದ್ಕೊಂಡೆ. ಹಂಗ ಅಂದ್ಕೊಂಡ್ರ ಹಗುರ ಆಗ್ತಿತ್ತು."

ರಾಧಿಕಾ ಅವನ ಅಂಗೈ ನೋಡಿದಳು. ಬೆರಳುಗಳ ನಡುವಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಒಂದು ಹಸಿರು ಎಳೆ ಕಿರುಬೆರಳಿಗೆ ಸುತ್ತಿಕೊಂಡು ಕೆಳಗೆ ಜೋತಿತ್ತು. ನೀರಿನ ಹೊರಗೆ ಅದು ಏನೂ ಅಲ್ಲ, ಒದ್ದೆ ನೂಲು.

"ಹುಡುಗಿನ್ನ ಹೊರಗ ಹಾಕಾಕ ಹೊಂಟಿದ್ದೆಲ್ಲೊ," ಎಂದಳು ಗುರುಲಿಂಗವ್ವ ಮಗನಿಗೆ. ಬೈದಂತಿರಲಿಲ್ಲ. ದಣಿದಂತಿತ್ತು. "ಒಬ್ಬಾಕಿನ್ನ ಮಣ್ಣಿಗೆ ಹೋಗಗೊಡಲಿಲ್ಲ. ಇನ್ನೊಬ್ಬಾಕಿನ್ನ ಮನ್ಯಾಗ ಇರಗೊಡಲಿಲ್ಲ."

ರಾಜಕುಮಾರ ಹೆಂಡತಿಯ ಕಡೆ ತಿರುಗಿದ. ಅವತ್ತಿಗೆ ಅದೇ ಮೊದಲು.

"ಹೊಲಕ್ಕ ಹೋಗ್ತೇನಿ. ಸಮಾಧಿ ಕಡೆ. ಅಯ್ಯಾರನ್ನ ಕರ್ಕೊಂಡು ಈಗ ಹೋಗ್ತೇನಿ." ಬಾಗಿಲ ಬಳಿಯ ಚೀಲ ನೋಡಿದ. "ನೀನೂ ಬರ್ತಿ?"

"ಇಲ್ರಿ," ಎಂದಳು ರಾಧಿಕಾ. "ಅದು ನಿಮಗೂ ಅಕಿಗೂ ನಡುವಿನ ಮಾತು. ನಾ ಇಲ್ಲೇ ಇರ್ತೇನಿ. ತವರಿಗೂ ಹೋಗಂಗಿಲ್ಲ ಈ ಸಲ."

ಅವನು ಇನ್ನೇನೋ ಕೇಳುವವನಂತೆ ನಿಂತ.

"ಅದನ್ನ ಅಕಿಗೆ ಕೊಟ್ಟು ಖಾಲಿ ಕೈಲೆ ಬರ್ರಿ. ಬಾಗಲಾ ತಗೀತೇನಿ."

ರಾಜಕುಮಾರ ಮೆಟ್ಟಿಲು ಇಳಿದ. ಓಣಿಯ ತಿರುವಿನಲ್ಲಿ ಅವನ ಬೆನ್ನು ಮರೆಯಾಗುವವರೆಗೂ ರಾಧಿಕಾ ಹೊಸ್ತಿಲಲ್ಲಿದ್ದಳು. ಆಮೇಲೆ ಒಳಗೆ ಬಂದು, ಕದ ಮುಚ್ಚಿ, ಅಗಳಿ ಹಾಕಿದಳು.