ಅಮ್ಮ ಆರಿಸಿದ ಹನ್ನೊಂದು ಫೋಟೊ

"ನಿಮ್ಮ ಕಣ್ಣಿಗೆ ಏನಾಗಿತ್ತು?"

ಬಾಗಿಲು ತೆರೆದವಳೇ ಅವಳು ಕೇಳಿದ್ದು ಇದನ್ನೇ. ಫೋಟೊ ಸ್ಟುಡಿಯೊದವನು ಬೆಳಗಿನಿಂದ ಏನೇನೋ ಕನಸು ಕಂಡು ಬಂದಿದ್ದ, ಪಾಪ. ಹೋದ ವಾರ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಹೋಗಿ, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದ್ದ. "ಭಾನುವಾರ ಮನೆಗೆ ಬನ್ನಿ, ಹೇಳ್ತೀನಿ" ಎಂದಿದ್ದಳು.

"ಕಣ್ಣು ಪರೀಕ್ಷೆ ಮಾಡಿದ್ದು ನೀವೇ ತಾನೇ? ಚೆನ್ನಾಗಿದೆ ಅಂದ್ರಿ..."

"ಹಾಗಾದ್ರೆ ಇದೇನಿದು?" ಆಲ್ಬಮ್ ಅವನ ಮುಖಕ್ಕೆ ಹಿಡಿದಳು.

ಎರಡು ವರ್ಷದ ಹಿಂದೆ, ಅಪ್ಪ ನಿವೃತ್ತರಾದಾಗ, ಮನೆಮಂದಿಯೆಲ್ಲ ಎರಡು ದಿನದ ಮಟ್ಟಿಗೆ ಸಮುದ್ರದ ದಡದ ಲೈಟ್‌ಹೌಸ್ ನೋಡಲು ಹೋಗಿದ್ದರು. ಫೋಟೊ ತೆಗೆಯಲು ಜೊತೆಗೆ ಬಂದಿದ್ದವನು ಇವನೇ. ಬೀರುವಿನಲ್ಲಿ ಬಚ್ಚಿಟ್ಟಿದ್ದ ಆಲ್ಬಮ್ಮನ್ನು ಅಮ್ಮ ಇವತ್ತು ದೊಡ್ಡಮ್ಮನಿಗೆ ತೋರಿಸಲು ಹೊರತೆಗೆದಿದ್ದರು. ಹನ್ನೊಂದು ಫೋಟೊ. ಹನ್ನೊಂದರಲ್ಲೂ ಅವಳ ಕಣ್ಣು ಮುಚ್ಚಿತ್ತು!

"ಇವಳು ಊರು ನೋಡೋಕೆ ಹೋಗಿದ್ಳೋ, ನಿದ್ದೆ ಮಾಡೋಕೆ ಹೋಗಿದ್ಳೋ" ಎಂದು ದೊಡ್ಡಮ್ಮ ಸೋಫಾದಲ್ಲಿ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಅವರು ನಕ್ಕಿದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. 'ಎರಡು ದಿನ ಎದುರಿಗೇ ನಿಂತಿದ್ದವನು ಒಂದು ಸಲವೂ ನನ್ನನ್ನ ಸರಿಯಾಗಿ ನೋಡಲಿಲ್ವಾ? ಇವನ ಜೊತೆ ಬದುಕಿಡೀ ಹೇಗಿರೋದು...' ಹೂಂ ಅನ್ನಲು ಸಿದ್ಧವಾಗಿದ್ದ ಮನಸ್ಸು ಮುದುಡಿಹೋಗಿತ್ತು.

"ನನ್ನ ಉತ್ತರ ಇಲ್ಲ ಅಂತ. ಹೋಗಿ ಬನ್ನಿ."

ಅವನ ಮುಖ ಬಿಳಿಚಿಕೊಂಡಿತು. ಆದರೂ ಕದಲಲಿಲ್ಲ.

"ಕ್ಲಿಕ್ ಅನ್ನೋ ಹೊತ್ತಿಗೆ ಸರಿಯಾಗಿ ನೀವು ಕಣ್ಣು ಮುಚ್ತೀರಿ. ಮೊದಲನೇ ಫೋಟೊಗೇ ಗೊತ್ತಾಯ್ತು. ಅದಕ್ಕೇ ಪ್ರತಿಸಲ ಎರಡೆರಡು ತೆಗೆದೆ, ಎರಡನೆಯದು ಹೇಳದೇ. ಇಪ್ಪತ್ತೆರಡು ಪ್ರಿಂಟ್ ಕೊಟ್ಟಿದ್ದೆ. ಆರಿಸಿ ಅಂಟಿಸಿದ್ದು ನಾನಲ್ಲ."

ಎಲ್ಲರ ಕಣ್ಣೂ ಅಮ್ಮನ ಮೇಲೆ ಬಿತ್ತು. ಅಮ್ಮ ಸೋಫಾದ ದಿಂಬು ಸರಿ ಮಾಡತೊಡಗಿದರು.

"ಅಮ್ಮಾ?"

"ಎರಡನೇ ಸಲಕ್ಕೆ ನಾನು ಬಿಗಿಹಿಡಿದ ಉಸಿರು ಬಿಟ್ಟುಬಿಡ್ತಿದ್ದೆ ಕಣೇ. ಗದ್ದ ಎರಡಾಗಿ ಕಾಣ್ತಿತ್ತು. ನೀನು ಚಿಕ್ಕವಳು, ಬೇಕಾದಷ್ಟು ಫೋಟೊ ತೆಗೆಸ್ಕೋತೀಯ."

"ಮಗಳ ಕಣ್ಣಿಗಿಂತ ನಿನ್ನ ಗದ್ದ ಹೆಚ್ಚಾಯ್ತಾ?" ಎನ್ನುತ್ತಾ ಅಪ್ಪ ಬೀರುವಿನ ತಳದಿಂದ ಹಳೆಯ ಕವರ್ ತಂದರು. ದೊಡ್ಡಮ್ಮ ಅದನ್ನು ಕಿತ್ತುಕೊಂಡು ಮೇಜಿನ ಮೇಲೆ ಸುರಿದರು.

ಅಂಟಿಸದೆ ಉಳಿದ ಆ ಹನ್ನೊಂದರಲ್ಲಿ, ಫೋಟೊ ತೆಗೆದಾಯಿತೆಂದು ಎಲ್ಲರೂ ಬೇರೆ ಬೇರೆ ಕಡೆ ತಿರುಗಿದ್ದರು. ಅಪ್ಪ ಹಡಗಿನ ಕಡೆ ಬೆರಳು ತೋರಿಸುತ್ತಿದ್ದರೆ, ಅಮ್ಮ ಉಸಿರು ಬಿಟ್ಟು ಲೈಟ್‌ಹೌಸ್ ಕಡೆ ನೋಡುತ್ತಿದ್ದರು. ಅವಳು ಮಾತ್ರ ಎರಡೂ ಕಣ್ಣು ಬಿಟ್ಟುಕೊಂಡು, ನಗುತ್ತಾ, ಫೋಟೊ ತೆಗೆಯುವವನನ್ನೇ ನೋಡುತ್ತಿದ್ದಳು. ಹನ್ನೊಂದರಲ್ಲೂ!

"ಲೈಟ್‌ಹೌಸ್ ಯಾವ ಕಡೆ ಇತ್ತು ಅಂತಾದ್ರೂ ಗೊತ್ತೇನೇ ನಿನಗೆ?" ದೊಡ್ಡಮ್ಮ ಕೇಳಿದರು.

ಅವಳ ಕಿವಿ ಕೆಂಪಾಯಿತು. ಆಲ್ಬಮ್ಮನ್ನು ಎದೆಗೆ ಒತ್ತಿಕೊಂಡು ಬಾಗಿಲ ಬಳಿಗೆ ಬಂದಳು.

"ಇದೆಲ್ಲ ನಿಮಗೆ ಆಗಲೇ ಗೊತ್ತಿತ್ತಾ?"

"ಪ್ರಿಂಟ್ ಹಾಕಿದ ದಿನವೇ ನೋಡಿದೆ."

"ಮತ್ತೆ ಕೇಳೋಕೆ ಎರಡು ವರ್ಷ ಬೇಕಾಯ್ತಾ?"

"ನೀವು ನೋಡಿದ್ದು ನನ್ನನ್ನೋ, ಕ್ಯಾಮೆರಾನೋ ಅಂತ ತಿಳೀಲಿಲ್ಲ... ಕೇಳೋಕೆ ಹೆದರಿಕೆ ಆಯ್ತು."

ಇಂಥ ಪೆದ್ದನನ್ನು ಇವತ್ತು ವಾಪಸ್ ಕಳಿಸಿಬಿಡುತ್ತಿದ್ದೆನಲ್ಲ ಎಂದು ನೆನೆದು ಅವಳ ಕಣ್ಣು ತುಂಬಿತು.

"ಕ್ಯಾಮೆರಾ ನೋಡಿ ಯಾರಾದ್ರೂ ಹಾಗೆ ನಗ್ತಾರಾ? ನಿಮ್ಮನ್ನೇ ನೋಡ್ತಿದ್ದೆ. ಎರಡು ದಿನವೂ."

"ಹಾಗಾದ್ರೆ... ಉತ್ತರ?"

"ಹೂಂ."

"ಇನ್ನೊಂದು ಸಲ ಹೇಳಿ."

"ಹೂಂ ಅಂದ್ನಲ್ಲ. ಒಳಗೆ ಬನ್ನಿ."